ಕೊನೆಗೆ ಬಂದವರ ಕೈಗೆ ಚಾಟಿ

೧೯೭೯ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಶನಿವಾರ ಬೆಳಿಗ್ಗೆ ಆರೂವರೆಗೆ, ಚನ್ನಗಿರಿಯ ಜಟಕಾ ನಿಲ್ದಾಣದಿಂದ ಏಳು ಕುದುರೆಗಳು ಸವಳಂಗಕ್ಕೆ ಹೊರಟವು. ಯಾವುದಕ್ಕೂ ಗಾಡಿ ಕಟ್ಟಿರಲಿಲ್ಲ. ಏಳರ ಬೆನ್ನ ಮೇಲೂ ಸವಾರರಿದ್ದರು. ಕೆರೆಬಿಳಚಿ, ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ ದಾಟಿ ಹೋಗುವ ದಾರಿ. ಗಡುವು ಭಾನುವಾರ ಸಂಜೆ ಆರು ಗಂಟೆ.

ಸಮಯ ಬರೆದುಕೊಂಡವನು ನಾನು. ಆಗ ಒಂದು ದಿನಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಆ ಎರಡು ದಿನದ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಇಲ್ಲಿ ಬರೆದಿರುವ ಗಂಟೆ ನಿಮಿಷಗಳು ಅದರಿಂದ ತೆಗೆದವು. ಮಾತುಗಳು ನೆನಪಿನಿಂದ.

ಶುಕ್ರವಾರ ಸಂಜೆ ನಾಲ್ಕು ಸಾಲಿನ ಸುದ್ದಿ ಸಿಕ್ಕೀತೆಂದು ನಿಲ್ದಾಣಕ್ಕೆ ಹೋಗಿದ್ದೆ. ಚನ್ನಗಿರಿಗೆ ಆಟೋ ಬಂದು ಒಂದು ವರ್ಷವಾಗಿತ್ತು. ಜಟಕಾದವರ ಕುದುರೆಗಳು ಬಸ್ ನಿಲ್ದಾಣದಿಂದ ಸಂತೆಗೆ ಹೋಗುವುದನ್ನು ಬಿಟ್ಟು ಬೇರೇನೂ ಅರಿಯವು ಎಂದು ಹೊನ್ನಾಳಿಯವರು ಯಾರೋ ಆಡಿದ ಮಾತಿನಿಂದ, ನಿಂತುಹೋಗಿದ್ದ ಹಳೆಯ ಸವಾರಿ ಮತ್ತೆ ಶುರುವಾಗಿತ್ತು. ನಿಲ್ದಾಣದ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮಂಡಿನೋವಿನಿಂದ ಅವರು ಗಾಡಿ ಬಿಟ್ಟಿದ್ದರು.

"ಪೇಪರ್ನೋರೇ, ನಿಮ್ಮ ಕೈಯಾಗೆ ಗಡಿಯಾರ ಐತೆ. ನೀವೇ ಟೈಮು ಬರ್ಕೊಳ್ರಿ" ಎಂದರು ಚಾಚಾ. "ನಮ್ಮೋರು ಬರ್ಕೊಂಡ್ರೆ ಹೊನ್ನಾಳಿಯೋರು ಒಪ್ಪಲ್ಲ, ಅವರು ಬರ್ಕೊಂಡ್ರೆ ನಾವು ಒಪ್ಪಲ್ಲ."

"ಈ ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತೆ, ಚಾಚಾ."

"ಓಡ್ಲಿ ಬಿಡ್ರಿ. ಎಲ್ಲರಿಗೂ ಒಂದೇ ಸಮ ಓಡ್ತೈತಲ್ಲ."

ಅವರ ನಿಯಮಗಳನ್ನು ಬರೆದುಕೊಂಡೆ. ಹೊರಡುವ ಮೊದಲು ಸವಾರರೆಲ್ಲ ತಮ್ಮ ಚಾಟಿಗಳನ್ನು ಚಾಚಾ ಕೈಗೆ ಕೊಡಬೇಕು. ಅವರು ಏಳನ್ನೂ ಸೇರಿಸಿ ಸೆಣಬಿನ ಹುರಿಯಿಂದ ಕಟ್ಟಿ, ಆ ಕಟ್ಟನ್ನು ಹಿಡಿದು ಊರಿಂದೂರಿಗೆ ಬಸ್ಸಿನಲ್ಲಿ ಮುಂದೆ ಹೋಗುತ್ತಾರೆ. ಪ್ರತಿ ತಂಗುದಾಣದಲ್ಲೂ ಕುದುರೆಯ ಮುಂದೆ ಒಂದು ಬೋಗುಣಿ ನೆನೆಸಿದ ಹುರುಳಿ ಇಡುತ್ತಾರೆ. ಅದನ್ನು ತಿನ್ನದ ಕುದುರೆಯನ್ನು ಸವಾರ ಏರುವಂತಿಲ್ಲ. ಕುದುರೆ ನೀರು ಕುಡಿಯುವ ಮೊದಲು ಸವಾರ ಕುಡಿಯುವಂತಿಲ್ಲ. ಮೊದಲು ಮುಟ್ಟಿದ ಕುದುರೆಯ ನೆತ್ತಿಗೆ ಬಣ್ಣದ ತುರಾಯಿ ಕಟ್ಟುತ್ತಾರೆ. ಚಾಟಿಯ ಕಟ್ಟು ಬಿಚ್ಚಿ ಎಲ್ಲರಿಗೂ ಹಂಚುವ ಹಕ್ಕು ಮಾತ್ರ ಕೊನೆಗೆ ಬಂದವನದು. ಅವನು ಬರುವ ತನಕ, ಮೊದಲು ಬಂದವನೂ ಕಾಯುತ್ತ ಕೂತಿರಬೇಕು.

ಏಳು ಜನರಲ್ಲಿ ಒಬ್ಬರು ಜಗಳೂರಿನವರು. ವಯಸ್ಸು ಐವತ್ತರ ಸುಮಾರು, ತೆಳ್ಳನೆಯ ಮೈ. ಅವರ ಕಂದು ಹೆಣ್ಣುಗುದುರೆಗೆ ಕಣ್ಣಿನ ಮೇಲೆ ಗುಳಿ ಬಿದ್ದಿತ್ತು, ಹಣೆಯಲ್ಲಿ ನರೆ ಇತ್ತು. ಜೀನು ಇರಲಿಲ್ಲ, ಕಂಬಳಿ ಮಡಿಸಿ ಹಾಕಿದ್ದರು. ನಾಲ್ಕು ದಿನ ಮೊದಲೇ ಊರು ಬಿಟ್ಟು ಕುದುರೆಯನ್ನು ನಡೆಸಿಕೊಂಡೇ ಬಂದಿದ್ದರು. ಎತ್ತರದ ಕರಿಯ ಕುದುರೆಯ ಯುವಕನೊಬ್ಬ ಹೊನ್ನಾಳಿಯಿಂದ ಬಂದಿದ್ದ. ಕಂದು ಕುದುರೆಯನ್ನು ಒಂದು ಸುತ್ತು ಹಾಕಿ ನೋಡಿದ ಅವನು,

"ಏನಣ್ಣಾ, ಇದು ನಿಮ್ಮ ಮದುವೇಲಿ ಬಳುವಳಿ ಬಂದಿದ್ದಾ?" ಎಂದ.

"ಹೌದಪ್ಪಾ. ಹೆಂಡ್ತಿ ಸಿಟ್ಟು ಬಂದ್ರೆ ತೌರಿಗೆ ಹೋಗ್ತಾಳೆ, ಇವಳು ಹೋಗಲ್ಲ. ಅದಕ್ಕೇ ಇಟ್ಕೊಂಡೀನಿ."

ಎಲ್ಲರೂ ನಕ್ಕರು. ಜಗಳೂರಿನವರು ಬಂದದ್ದು ತುರಾಯಿಗಾಗಿ ಅಲ್ಲ. ಅವರ ಊರಿನಲ್ಲಿ ಜಟಕಾ ಓಡಿಸಲು ಪರವಾನಗಿಯ ಹಿತ್ತಾಳೆ ಬಿಲ್ಲೆ ಬೇಕಿತ್ತು, ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕಿತ್ತು. ಆ ಸಲ ಕಚೇರಿಯವರು ಹಲ್ಲು ನೋಡಿ, ಕುದುರೆಗೆ ವಯಸ್ಸಾಗಿದೆ, ಪಶುವೈದ್ಯರ ಚೀಟಿ ತಂದರೆ ಮಾತ್ರ ಬಿಲ್ಲೆ ಎಂದಿದ್ದರು. ಒಮ್ಮೆ ಹಿಂದಕ್ಕೆ ಹೋದ ಬಿಲ್ಲೆ ಮತ್ತೆ ಜಟಕಾಕ್ಕೆ ಸಿಗುತ್ತಿರಲಿಲ್ಲ. ಅವರಿಗಿದ್ದದ್ದು ಒಂದು ಗಾಡಿ, ಒಂದು ಕುದುರೆ. ಈ ಸವಾರಿಯ ಜೊತೆ ಪಶುವೈದ್ಯರೊಬ್ಬರು ಬರುತ್ತಾರೆಂದು ಬಸ್ ಕಂಡಕ್ಟರೊಬ್ಬರಿಂದ ಕೇಳಿ ಹೊರಟಿದ್ದರು.

ಪಶುವೈದ್ಯರು ಮಾತು ಕಡಿಮೆಯ ಮನುಷ್ಯ. ಅವರು ಬರುತ್ತಿದ್ದುದು ನನ್ನ ಮೋಟಾರ್‌ಸೈಕಲ್‌ನ ಹಿಂದೆ ಕೂತು. ಕಂದು ಕುದುರೆಯ ಬಾಯಿ ತೆರೆಸಿ ನೋಡಿ, ನಾಲ್ಕು ಕಾಲುಗಳ ಮೇಲೂ ಕೈ ಆಡಿಸಿ, ಅವರು ಹೇಳಿದ್ದು ಇಷ್ಟು:

"ಚೀಟಿ ಬರೆದುಕೊಡ್ತೀನಿ. ಸವಳಂಗದಲ್ಲಿ ನನ್ನ ಕಣ್ಣೆದುರು ಕುಂಟದೆ ಓಡಿದ್ರೆ ಯೋಗ್ಯ ಅಂತ ಬರೀತೀನಿ. ನಡುವೆ ಬಿದ್ರೆ, ಅಥವಾ ನಾನು ಔಷಧಿ ಹಾಕೋ ಹಾಗಾದ್ರೆ, ಯೋಗ್ಯ ಅಲ್ಲ ಅಂತ ಬರೀತೀನಿ. ನೋಡಿದ ಮೇಲೆ ನೋಡಿಲ್ಲ ಅನ್ನೋಕಾಗಲ್ಲ. ಈಗಲೇ ಬೇಡ ಅಂದ್ರೆ ಏನೂ ಬರೆಯಲ್ಲ."

ಜಗಳೂರಿನವರು ಕುದುರೆಯ ಕುತ್ತಿಗೆ ತಿಕ್ಕಿದರು. "ಬರೀರಿ" ಎಂದರು. ತಮ್ಮ ಚಾಟಿಯನ್ನು ಚಾಚಾ ಕೈಗೆ ಕೊಟ್ಟರು.

ಮೊದಲ ದಿನದ ಬಗ್ಗೆ ನೋಟ್‌ಬುಕ್ಕಿನಲ್ಲಿ ಹೆಚ್ಚೇನೂ ಇಲ್ಲ. ಕೆರೆಬಿಳಚಿಗೆ ಕರಿಯ ಕುದುರೆ ಮೊದಲು, ಕಂದು ಕುದುರೆ ಕೊನೆ. ಬಸವಾಪಟ್ಟಣಕ್ಕೂ ಹಾಗೆಯೇ. ಜಗಳೂರಿನವರು ಪ್ರತಿ ಏರಿನಲ್ಲೂ ಇಳಿದು ಕುದುರೆಯ ಪಕ್ಕ ನಡೆಯುತ್ತಿದ್ದರು, ಏರು ಮುಗಿದ ಮೇಲೆ ಹತ್ತುತ್ತಿದ್ದರು. ಕುದುರೆ ಎರಡೂ ಕಡೆ ಬೋಗುಣಿಯ ತಳ ನೆಕ್ಕುವವರೆಗೂ ಹುರುಳಿ ತಿಂದಿತು. ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಅದು ಹೊನ್ನಾಳಿಯ ಸೇತುವೆ ದಾಟಿತು. ವೈದ್ಯರು ಮುಂಗಾಲಿನ ಹಿಂದೆ ಅಂಗೈ ಇಟ್ಟು ಎದೆಬಡಿತ ನೋಡಿ, "ಪರವಾಗಿಲ್ಲ" ಎಂದು ಚಹಾ ಕುಡಿಯಲು ಹೋದರು.

ಅವರು ಚಹಾ ಕುಡಿಯುತ್ತಿದ್ದಾಗ ಆದದ್ದು ನೋಟ್‌ಬುಕ್ಕಿನಲ್ಲಿಲ್ಲ. ಅದು ಬರೆದುಕೊಳ್ಳುವಂಥ ಸಂಗತಿ ಎಂದು ನನಗೆ ಅನ್ನಿಸಲಿಲ್ಲ.

ಹೊಳೆಯ ದಂಡೆಯಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಹೊನ್ನಾಳಿಯ ಯುವಕ ತನ್ನ ಊರಿಗೆ ಬಂದವರನ್ನು ಉಪಚರಿಸುವ ಹುರುಪಿನಲ್ಲಿದ್ದ.

"ಅಣ್ಣಾ, ಹೊಳೆ ದಂಡೇಲಿ ಹುಲ್ಲು ಬೇಕಾದಷ್ಟೈತೆ. ಯಾರೂ ಏನೂ ಅನ್ನಲ್ಲ. ಕುಡುಗೋಲು ಕೊಡ್ಲಾ?"

ಜಗಳೂರಿನವರು ದಂಡೆಯ ಮೇಲೆ ನಿಂತು ನೋಡಿದರು. "ಜನವರಿಯಾಗೆ ಇಷ್ಟು ಹಸುರಾ?" ಎಂದರು. "ನಮ್ಮೂರಾಗೆ ದೇವರ ಪಟದಾಗೆ ಮಾತ್ರ ಹಿಂಗೆ ಇರ್ತೈತೆ."

ಒಂದು ತಲೆಹೊರೆ ಕೊಯ್ದು ತಂದರು. ಇತರರು ತಮ್ಮ ಕುದುರೆಗಳಿಗೆ ಒಣಹುಲ್ಲಿನ ಜೊತೆ ಒಂದೆರಡು ಹಿಡಿ ಹಸಿಹುಲ್ಲು ಬೆರೆಸಿ ಕೊಟ್ಟರು. ಕಂದು ಕುದುರೆ ಇಡೀ ಹೊರೆಯನ್ನು ತಿಂದಿತು. ಅದು ತಿನ್ನುವುದನ್ನು ಅವರು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು.

ಭಾನುವಾರ ಏಳಕ್ಕೆ ಹೊನ್ನಾಳಿ ಬಿಟ್ಟರು. ನ್ಯಾಮತಿಗೆ ಎರಡು ಮೈಲಿ ಇರುವಾಗ ಕಂದು ಕುದುರೆ ನಿಂತಿತು. ಮುಂಗಾಲಿನಿಂದ ನೆಲ ಕೆರೆಯಿತು, ಕುತ್ತಿಗೆ ಹೊರಳಿಸಿ ತನ್ನ ಹೊಟ್ಟೆಯನ್ನು ನೋಡಿಕೊಂಡಿತು. ಜಗಳೂರಿನವರು ಆಗಲೇ ಇಳಿದರು. ಒಂಬತ್ತು ನಲವತ್ತಕ್ಕೆ ನಡೆಸಿಕೊಂಡು ನ್ಯಾಮತಿಗೆ ತಂದರು. ಚಾಚಾ ಹುರುಳಿ ಇಟ್ಟರು. ಕುದುರೆ ಮೂಸಿ ಮುಖ ತಿರುಗಿಸಿತು.

ಅಷ್ಟರಲ್ಲಿ ಉಳಿದ ಆರೂ ಕುದುರೆಗಳು ತಿಂದು ಮುಗಿಸಿದ್ದವು. ಕರಿಯ ಕುದುರೆ ಮುಂದಾಗಿ ಸವಳಂಗದ ದಾರಿ ಹಿಡಿಯಿತು, ಮಿಕ್ಕ ಐದು ಅದರ ಹಿಂದೆ ಹೋದವು. ವೈದ್ಯರು ಕಂದು ಕುದುರೆಯ ಪಕ್ಕೆಗೆ ಕಿವಿ ಹಚ್ಚಿ ನಿಂತರು.

"ಒಳಗೆ ಸದ್ದೇ ಇಲ್ಲ. ನಿನ್ನೆ ಏನು ತಿನ್ನಿಸಿದ್ರಿ?"

ಜಗಳೂರಿನವರು ಹೇಳಿದರು.

"ವರ್ಷವೆಲ್ಲ ಒಣ ಜೋಳದ ಸೊಪ್ಪೆ ತಿಂದ ಹೊಟ್ಟೆ ಇದು. ಅದಕ್ಕೆ ಒಂದು ಹೊರೆ ಹಸಿಹುಲ್ಲಾ? ಇಷ್ಟು ವರ್ಷ ಕುದುರೆ ಸಾಕಿದ್ದೀರಿ, ಇದು ಗೊತ್ತಾಗಲಿಲ್ವಾ?"

"ಗೊತ್ತಿತ್ತು ರೀ" ಎಂದರು ಅವರು. "ಬಿಟ್ಟು ಬರಾಕೆ ಮನಸ್ಸಾಗ್ಲಿಲ್ಲ."

ವೈದ್ಯರು ಚೀಲದಿಂದ ಔಷಧಿಯ ಬಾಟಲಿ ತೆಗೆದು ಬೇವಿನ ಮರದ ಬುಡದಲ್ಲಿಟ್ಟರು. "ನಡೆಸಿ. ಕೂರೋಕೆ, ಹೊರಳೋಕೆ ಬಿಡಬೇಡಿ. ಹನ್ನೆರಡರೊಳಗೆ ಲದ್ದಿ ಹಾಕಿದ್ರೆ ಸರಿ. ಇಲ್ಲದಿದ್ರೆ ಇದನ್ನ ಕುಡಿಸ್ತೀನಿ. ಚೀಟಿ ಏನಾಗುತ್ತೆ ಅಂತ ಕೇಳಬೇಡಿ."

"ಅದಕ್ಕೂ ಮೊದ್ಲೇ ನೋವು ಜಾಸ್ತಿ ಆದ್ರೆ ನಾನೇ ಹೇಳ್ತೀನಿ, ಕುಡಿಸ್ರಿ. ಬಿಲ್ಲೆ ಇಟ್ಕೊಂಡು ಗಾಡಿಗೆ ನಾನೇ ಕಟ್ಕೊಳ್ಳಾಕೆ ಆಗ್ತೈತಾ?"

ಸಂತೆ ಮೈದಾನದಲ್ಲಿ ಅವರು ಕುದುರೆಯನ್ನು ಸುತ್ತು ಹಾಕಿಸತೊಡಗಿದರು. ನಾನು ಮುಂದೆ ಹೋದವರ ಸಮಯ ನೋಡಲು ಸವಳಂಗದ ದಾರಿಯಲ್ಲಿ ಹೊರಟೆ. ಮೂರು ಮೈಲಿ ಆಚೆ ಹೊನ್ನಾಳಿಯ ಯುವಕ ಸಿಕ್ಕಿದ. ಹಿಂದಿನವರಿಗೂ ಅವನಿಗೂ ಅರ್ಧ ಮೈಲಿಯ ಅಂತರವಿತ್ತು. ಕಂದು ಕುದುರೆ ಎಲ್ಲಿ ಎಂದು ಕೇಳಿದ. ಆದದ್ದನ್ನು ಹೇಳಿದೆ. ಅವನು ಲಗಾಮು ಎಳೆದು ಕುದುರೆ ನಿಲ್ಲಿಸಿದ.

"ಆ ಹುಲ್ಲಾ?"

"ಹೌದು."

"ಕುಡುಗೋಲು ನಂದು, ಪೇಪರ್ನೋರೇ." ಅವನು ಕುದುರೆಯನ್ನು ಹಿಂದಕ್ಕೆ ತಿರುಗಿಸಿದ.

"ಹಿಂದಕ್ಕೆ ಹೋದರೆ ತುರಾಯಿ ಹೋಗುತ್ತೆ" ಎಂದೆ.

"ನನ್ನ ಕುದುರೆ ತಲೆ ದಪ್ಪ. ತುರಾಯಿ ಒಪ್ಪಲ್ಲ ಬಿಡ್ರಿ."

ನಾನು ನ್ಯಾಮತಿಗೆ ಮರಳಿದಾಗ ಅವನು ಕರಿಯ ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿ, ಕಂದು ಕುದುರೆಯ ಲಗಾಮು ಹಿಡಿದಿದ್ದ. ಜಗಳೂರಿನವರು ಇನ್ನೊಂದು ಪಕ್ಕದಲ್ಲಿ ಅದರ ಹೊಟ್ಟೆ ತಿಕ್ಕುತ್ತ ನಡೆಯುತ್ತಿದ್ದರು.

"ಗೆಲ್ಲೋದು ಬಿಟ್ಟು ಯಾಕೆ ಬಂದೆ? ನನ್ನ ಕುದುರೆ ನಾನು ನೋಡ್ಕೊಳ್ಳಲ್ವಾ?"

"ನಿಮ್ಮ ಹಿಂದೆ ಉಳಿದ್ರೆ ಚಾಟಿ ನಾನು ಹಂಚಬೋದಲ್ಲ, ಅದಕ್ಕೆ."

"ಹೋಗೋ. ಅದೊಂದು ಮಾತ್ರ ನಿನಗೆ ಬಿಟ್ಟುಕೊಡಲ್ಲ."

ಹತ್ತೂವರೆಗೆ ಕುದುರೆ ಎರಡು ಸಲ ಮಂಡಿ ಊರಲು ನೋಡಿತು, ಇಬ್ಬರೂ ಸೇರಿ ಎಬ್ಬಿಸಿದರು. ಹನ್ನೊಂದಕ್ಕೆ ಬೆವರಿತು. ವೈದ್ಯರು ಎದ್ದು ಬಾಟಲಿ ಕೈಗೆ ತೆಗೆದುಕೊಂಡರು, ಮತ್ತೆ ಕಿವಿ ಹಚ್ಚಿ ಕೇಳಿದರು, ಬಾಟಲಿಯನ್ನು ಅಲ್ಲೇ ಇಟ್ಟರು. ಸಂತೆ ಮೈದಾನದ ಅಂಗಡಿಯವರು ಹೊರಗೆ ಬಂದು ನಿಂತಿದ್ದರು. ಹನ್ನೊಂದು ಮೂವತ್ತೈದಕ್ಕೆ ಕುದುರೆ ಬಾಲ ಎತ್ತಿತು.

ಚಾಚಾ ಬಸ್ಸಿನ ಹೊತ್ತು ಮೀರಿಸಿಕೊಂಡು ಅಲ್ಲೇ ಕೂತಿದ್ದರು. "ಬರ್ಕೊಳ್ರಿ, ಬರ್ಕೊಳ್ರಿ!" ಎಂದು ಕೂಗಿದರು. ನೋಟ್‌ಬುಕ್ಕಿನಲ್ಲಿ "೧೧.೩೫, ಲದ್ದಿ" ಎಂದಿದೆ. ನನ್ನ ವರದಿಗಾರಿಕೆಯಲ್ಲಿ ಲದ್ದಿಗೆ ಸಮಯ ಬರೆದದ್ದು ಅದೊಂದೇ ಸಲ.

ವೈದ್ಯರು ಬಾಟಲಿಯನ್ನು ಚೀಲಕ್ಕೆ ಹಾಕಿದರು. ಎರಡು ಗಂಟೆಯವರೆಗೂ ಕುದುರೆ ನೆರಳಿನಲ್ಲಿ ನಿಂತಿರಬೇಕು, ಸಂಜೆಯವರೆಗೂ ಹುರುಳಿ ಕೊಡಬಾರದು ಎಂದರು. ಕುದುರೆ ಹುರುಳಿ ತಿನ್ನದೆ ಸವಾರ ಏರುವಂತಿಲ್ಲ. ಸವಳಂಗಕ್ಕೆ ಇನ್ನೂ ಎಂಟು ಮೈಲಿ ಇತ್ತು.

ಜಗಳೂರಿನವರು ಚಾಚಾ ಮುಖ ನೋಡಿದರು.

"ಏರಂಗಿಲ್ಲ" ಎಂದರು ಚಾಚಾ. "ನಡೆಸ್ಕೊಂಡು ಬರಬ್ಯಾಡ ಅಂತ ನಮ್ಮ ಹಿರಿಯರು ಹೇಳಿಲ್ಲ." ಚಾಟಿಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಅವರ ಜೊತೆ ವೈದ್ಯರೂ ಹೋದರು. ನಾನು ಸವಳಂಗಕ್ಕೆ ಹೋಗಿ, ಮಿಕ್ಕ ಐವರು ಮುಟ್ಟಿದ ಸಮಯ ಬರೆದುಕೊಂಡು ಎರಡರೊಳಗೆ ನ್ಯಾಮತಿಗೆ ಮರಳಿದೆ.

ಎರಡು ಗಂಟೆ ಹತ್ತು ನಿಮಿಷಕ್ಕೆ ಇಬ್ಬರೂ ಎರಡು ಕುದುರೆಗಳನ್ನು ಹಿಡಿದು ನಡೆದು ಹೊರಟರು. ನಾನು ಒಂದು ಮೈಲಿ ಮುಂದೆ ಹೋಗಿ ಕಾಯುವುದು, ಅವರು ಬಂದಾಗ ಮತ್ತೆ ಮುಂದೆ ಹೋಗುವುದು ಹೀಗೆ ಮಾಡಿದೆ. ಕಂದು ಕುದುರೆ ಪ್ರತಿ ಮೈಲಿಗೂ ನಿಲ್ಲುತ್ತಿತ್ತು. ನಿಂತಾಗ ಯಾರೂ ಎಳೆಯಲಿಲ್ಲ, ಅದೇ ಹೊರಟಾಗ ಹೊರಟರು. ಮೂರನೇ ಮೈಲಿಯಲ್ಲಿ ಜಗಳೂರಿನವರ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡನ್ನೂ ಕಂಬಳಿಯ ಮಡಿಕೆಯೊಳಗೆ ತುರುಕಿ ಬರಿಗಾಲಿನಲ್ಲಿ ನಡೆದರು.

ಕಂದು ಕುದುರೆ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಆದ್ದರಿಂದ ಅವರೂ ಕುಡಿದಿರಲಿಲ್ಲ. ಕರಿಯ ಕುದುರೆ ನ್ಯಾಮತಿಯಲ್ಲೇ ಕುಡಿದಿತ್ತು, ಯುವಕ ಕುಡಿಯಬಹುದಿತ್ತು. ನಾನು ನೀರಿನ ಬಾಟಲಿ ಚಾಚಿದಾಗ, "ಆಮೇಲೆ" ಎಂದ. ನಾಲ್ಕು ಇಪ್ಪತ್ತಕ್ಕೆ ದಾರಿ ಪಕ್ಕದ ಬಾವಿಯ ಬಳಿ ಕಂದು ಕುದುರೆ ಮೂಗು ಅಗಲಿಸಿ ನಿಂತಿತು. ಯುವಕ ಒಂದು ಬಕೆಟ್ ಸೇದಿ ಇಟ್ಟ. ಕುದುರೆ ಅರ್ಧ ಬಕೆಟ್ ಕುಡಿಯಿತು. ಉಳಿದ ಅರ್ಧವನ್ನು ಇಬ್ಬರೂ ಬೊಗಸೆಯಲ್ಲಿ ಕುಡಿದು ಮುಗಿಸಿದರು.

ಐದೂಕಾಲಿಗೆ ಇನ್ನೂ ಎರಡು ಮೈಲಿ ಬಾಕಿ ಇತ್ತು. ಯುವಕ ಹಿಂದೆ ಮುಂದೆ ನೋಡಿದ.

"ಅಣ್ಣಾ, ಈಗ ಚೆನ್ನಾಗೇ ನಡೀತೈತೆ. ಒಂದು ಮೈಲಿ ಹತ್ತಿಬಿಡ್ರಿ. ಊರು ಕಂಡ ಮೇಲೆ ಇಳಿದ್ರಾಯ್ತು. ಇಲ್ಲಿ ನೋಡೋರು ಯಾರವ್ರೆ? ಪೇಪರ್ನೋರು ಗಾಡಿ ಬಿಟ್ಕೊಂಡು ಮುಂದೆ ಹೋಗ್ಲಿ."

ಜಗಳೂರಿನವರು ನಡೆಯುತ್ತಲೇ ಇದ್ದರು.

"ಹತ್ತಿದ್ರೆ ಆರಕ್ಕೆ ನಾನು ಮುಟ್ತೀನಿ" ಎಂದರು. "ಇವಳು ಮುಟ್ಟಬೇಕಲ್ಲ. ಚೀಟಿ ನನಗೆ ಬರೀತಾರಾ, ಇವಳಿಗೆ ಬರೀತಾರಾ?"

ಸವಳಂಗದ ಕೆರೆ ಏರಿಯೇ ಮುಟ್ಟಬೇಕಾದ ಗೆರೆ. ಏರಿಯ ಬುಡದಲ್ಲಿ ಇಬ್ಬರಿಗೂ ಸಣ್ಣ ಜಟಾಪಟಿ ನಡೆಯಿತು. ನೀವು ಮೊದಲು ಹತ್ತಿ ಎಂದು ಯುವಕ, ನೀನು ಮೊದಲು ಹತ್ತು ಎಂದು ಅವರು. ಕೊನೆಗೆ ಅವರು ಕರಿಯ ಕುದುರೆಯ ಹಿಂಭಾಗಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟರು. ಕರಿಯ ಕುದುರೆ ಆರು ಗಂಟೆ ಎಂಟು ನಿಮಿಷಕ್ಕೆ ಏರಿ ಹತ್ತಿತು, ಕಂದು ಕುದುರೆ ಆರು ಒಂಬತ್ತಕ್ಕೆ.

ಮಿಕ್ಕ ಐವರು ಮಧ್ಯಾಹ್ನದಿಂದ ಏರಿಯ ಮೇಲೆ ಕಾಯುತ್ತಿದ್ದರು. ಒಂದು ಕುದುರೆಯ ನೆತ್ತಿಯಲ್ಲಿ ತುರಾಯಿ ಇತ್ತು. ಚಾಟಿಯ ಕಟ್ಟು ಚಾಚಾ ತೊಡೆಯ ಮೇಲಿತ್ತು.

"ಟೈಮೆಷ್ಟು, ಪೇಪರ್ನೋರೇ?"

"ಆರು ಒಂಬತ್ತು."

"ನಿಮ್ಮ ಗಡಿಯಾರ ಮುಂದೆ ಓಡ್ತೈತೆ ಅಂದಿದ್ರಿ" ಎಂದ ಐವರಲ್ಲಿ ಒಬ್ಬ.

"ದಿನಕ್ಕೆ ಎರಡು ನಿಮಿಷ. ನಾಲ್ಕು ಕಳೆದರೂ ಆರು ಐದು."

ಚಾಚಾ ಜಗಳೂರಿನವರ ಕಡೆ ತಿರುಗಿದರು. "ಗಡುವು ಮೀರಿತು ತಮ್ಮಾ."

"ಮೀರಿತು. ಹಂಗೇ ಬರ್ಕೊಳ್ಳಲಿ."

ಹಾಗೆಯೇ ಬರೆದುಕೊಂಡೆ. ಗಡುವಿನೊಳಗೆ ಐದು, ಮೀರಿ ಎರಡು.

ವೈದ್ಯರು ಒಂದು ಹಿಡಿ ಹುರುಳಿಗೆ ಒಪ್ಪಿದರು. ಚಾಚಾ ಬೋಗುಣಿಯಲ್ಲಿ ಒಂದೇ ಹಿಡಿ ಹಾಕಿ ಇಟ್ಟರು. ಕುದುರೆ ಮೂಸಿತು, ತಲೆ ಎತ್ತಿತು, ಮತ್ತೆ ಮೂಸಿತು. ಆಮೇಲೆ ತಿಂದಿತು. ಬೋಗುಣಿಯನ್ನು ಮೂತಿಯಿಂದ ತಳ್ಳಿಕೊಂಡು ಇನ್ನೂ ಹುಡುಕಿತು.

"ಓಡಿಸಿ" ಎಂದರು ವೈದ್ಯರು.

ಜಗಳೂರಿನವರು ಲಗಾಮು ಹಿಡಿದು ಬರಿಗಾಲಿನಲ್ಲಿ ಏರಿಯ ಉದ್ದಕ್ಕೂ ಓಡಿದರು, ಕುದುರೆ ಪಕ್ಕದಲ್ಲಿ ಓಡಿತು. ವೈದ್ಯರು ನೆಲದ ಮಟ್ಟಕ್ಕೆ ಬಾಗಿ ಕಾಲುಗಳನ್ನು ನೋಡಿದರು. "ಇನ್ನೊಂದು ಸಲ." ಎರಡನೇ ಸಲ ಓಡುವಾಗ ಕುಂಟಿದವರು ಜಗಳೂರಿನವರು. ಕುದುರೆ ಕುಂಟಲಿಲ್ಲ. "ನಾನು ನೋಡ್ತಿರೋದು ನಾಲ್ಕು ಕಾಲಿಂದು" ಎಂದು ವೈದ್ಯರು ಮೋಟಾರ್‌ಸೈಕಲ್‌ನ ಸೀಟಿನ ಮೇಲೆ ಕಾಗದವಿಟ್ಟು ಬರೆದರು. ವಯಸ್ಸು ಹದಿನಾಲ್ಕರ ಮೇಲೆ, ನಾಲ್ಕೂ ಕಾಲು ಸರಿ ಇವೆ, ಗಾಡಿ ಎಳೆಯಲು ಯೋಗ್ಯ. ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಹಸಿಹುಲ್ಲು ಕೊಡತಕ್ಕದ್ದಲ್ಲ.

ಚಾಟಿಯ ವಿಷಯದಲ್ಲಿ ಒಂದು ತಕರಾರು ಬಂತು. ಗಡುವು ಮೀರಿ ಬಂದವರು ಲೆಕ್ಕಕ್ಕಿಲ್ಲ, ಆದ್ದರಿಂದ ಗಡುವಿನೊಳಗೆ ಕೊನೆಗೆ ಬಂದ ತಾನೇ ಹಂಚಬೇಕು ಎಂದು ಐದನೆಯ ಸವಾರ ಹೇಳಿದ. ಚಾಚಾ ಕಟ್ಟನ್ನು ಜಗಳೂರಿನವರ ಕೈಗೇ ಕೊಟ್ಟರು.

"ಕೊನೇಗೆ ಬಂದೋನು ಅಂತ ಐತೆ ಮಾತು. ಯಾವಾಗ ಬಂದ ಅಂತ ಅದರಾಗೆ ಇಲ್ಲ ಬೇಟಾ. ಇಷ್ಟೊತ್ತು ಯಾರಿಗೆ ಕಾದೆ ನೀನು?"

ಹುರಿಯ ಗಂಟು ಬಿಗಿದಿತ್ತು. ಜಗಳೂರಿನವರು ಹಲ್ಲಿನಿಂದ ಬಿಚ್ಚಿ, ಒಬ್ಬೊಬ್ಬರ ಚಾಟಿಯನ್ನೂ ಅವರವರ ಕೈಗೆ ಕೊಟ್ಟರು. ಹೊನ್ನಾಳಿಯವನಿಗೆ ಕಡೆಗೆ ಕೊಟ್ಟರು.

"ತಗೋ. ಕುಡುಗೋಲು ಮಾತ್ರ ಇನ್ನ ಯಾರಿಗೂ ಕೊಡಬ್ಯಾಡ."

ನಾನು ಕಳಿಸಿದ ಸುದ್ದಿ ಆ ವಾರವೇ ಅಚ್ಚಾಯಿತು. ನಾಲ್ಕು ಸಾಲಿನಲ್ಲಿ ಮೂರು ಉಳಿದಿದ್ದವು. ಗಡುವು ಮೀರಿ ಬಂದ ಎರಡು ಕುದುರೆಗಳ ಸಾಲು ಜಾಗದ ಅಭಾವದಿಂದ ಹೋಗಿತ್ತು. ಜಗಳೂರಿನಲ್ಲಿ ಬಿಲ್ಲೆ ನವೀಕರಣವಾಯಿತೆಂದು ಮುಂದಿನ ತಿಂಗಳು ಅದೇ ಕಂಡಕ್ಟರ್ ಮೂಲಕ ಚಾಚಾಗೆ ಸುದ್ದಿ ಬಂತು. ಸವಾರಿ ಇನ್ನೆರಡು ವರ್ಷ ನಡೆದು ನಿಂತಿತು.

೧೯೮೫ರಲ್ಲಿ ಚುನಾವಣೆಯ ವರದಿಗೆಂದು ಜಗಳೂರಿಗೆ ಹೋಗಿದ್ದೆ. ಜಟಕಾ ನಿಲ್ದಾಣದಲ್ಲಿ ಮೂರು ಗಾಡಿಗಳಿದ್ದವು. ಎರಡನೆಯದು ಅವರದು. ಕಟ್ಟಿದ್ದು ಬೇರೆ ಕುದುರೆ, ಬಿಲ್ಲೆಯ ಸಂಖ್ಯೆ ಹಳೆಯದೇ. ಕಂದು ಕುದುರೆ ಅವರ ಮನೆಯ ಹಿಂದೆ, ಜೋಳದ ಸೊಪ್ಪೆಯ ಬಣವೆಯ ಪಕ್ಕದಲ್ಲಿ ನಿಂತಿತ್ತು.